ತುಳಸಿ ಕುಂಡ ಎಳೆದು ಕಾಂಪೊಸಿಟ್ ಡೆಕ್ ಮೇಲೆ ಗೀರು ಬಿದ್ದಿದೆ, ಸರಿಮಾಡೋದು ಹೇಗೆ?

ತುಳಸಿಕಟ್ಟೆ (ನ್ಯೂಜೆರ್ಸಿ), ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ಹಿತ್ತಲ ಡೆಕ್ (ಬಾಗಿಲ ಹೊರಗೆ ಹಲಗೆ ಹಾಸಿದ ಜಗಲಿ) ವಿಷಯದಲ್ಲಿ ನಿಮ್ಮ ಸಹಾಯ ಬೇಕಿತ್ತು.

ರಾತ್ರಿ ಚಳಿ 40 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಯುತ್ತೆ ಅಂತ ನೋಡಿ ಮೊನ್ನೆ ಸಂಜೆ ತುಳಸಿ ಕುಂಡ ಒಳಗೆ ತರೋಕೆ ಹೊರಟೆ. ಮನೆಯವರು ಊರಲ್ಲಿರಲಿಲ್ಲ. ದೊಡ್ಡ ಮಣ್ಣಿನ ಕುಂಡ, ಬೇಸಿಗೆ ಪೂರ್ತಿ ಬೆಳೆದು ಗಿಡ ನನ್ನ ಸೊಂಟದ ಎತ್ತರಕ್ಕೆ ಬಂದಿದೆ. ಎತ್ತೋಕೆ ಆಗಲೇ ಇಲ್ಲ. ಕತ್ತಲಾಗ್ತಿತ್ತು, ಗಿಡ ಸುಟ್ಟುಹೋದರೆ ಅನ್ನೋ ಭಯ ಬೇರೆ. ಕಬ್ಬಿಣದ ಸ್ಟ್ಯಾಂಡ್ ಸಮೇತ ಬಾಗಿಲವರೆಗೂ ಎಳೆದುಬಿಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಹಲಗೆಗಳ ಮೇಲೆ ಅಡ್ಡಡ್ಡ ಬಿಳಿ ಗೀರು, ಸುಮಾರು ಐದಡಿ ದೂರ. ಬಾಗಿಲ ಹತ್ತಿರ ಸ್ಟ್ಯಾಂಡಿನ ಒಂದು ಕಾಲು ಕಚ್ಚಿಕೊಂಡು ಎರಡಿಂಚು ಉದ್ದ ಕಿತ್ತೇ ಬಂದಿದೆ. ಮೇಲೆ ಬೂದು ಬಣ್ಣ, ಕಿತ್ತ ಜಾಗದಲ್ಲಿ ಮರದ ಹೊಟ್ಟು ಅದುಮಿಟ್ಟ ಹಾಗೆ ಕಂದು ಕಾಣುತ್ತೆ.

ಈ ಮನೆ ಕೊಂಡು 3 ವರ್ಷ ಆಯಿತು. ಡೆಕ್ ಹಿಂದಿನವರು ಹಾಕಿಸಿದ್ದು, ಯಾವ ಕಂಪನಿಯದು ಗೊತ್ತಿಲ್ಲ. ಮರ ಅಲ್ಲ, ಕಾಂಪೊಸಿಟ್ ಅಂತ ಮಾತ್ರ ಇನ್‌ಸ್ಪೆಕ್ಷನ್ ವರದಿಯಲ್ಲಿತ್ತು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಲಾ? ಬಣ್ಣ ಬಳಿಯಲಾ? ಇಡೀ ಹಲಗೆ ಬದಲಾಯಿಸಬೇಕಾ? ಬೆಳಿಗ್ಗೆ ಕಾಫಿ ಕುಡಿಯೋದು ಅಲ್ಲೇ ಕೂತು. ನೋಡಿದಾಗಲೆಲ್ಲ ಸಂಕಟ ಆಗುತ್ತೆ.

ಬಸವನಗುಡಿ_ಹಳೇಮನೆ (ಬೆಂಗಳೂರು), ಅಕ್ಟೋಬರ್ 12

ನಮ್ಮ ತೇಗದ ಬಾಗಿಲಿಗೆ ಹೀಗೇ ಆಗಿತ್ತು ಮೇಡಂ. 120 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಎರಡು ಕೈ ಹೊಡೆಸಿದೆ. ಈಗ ಹುಡುಕಿದರೂ ಗೀರು ಸಿಗಲ್ಲ. ನೀವೂ ಹಾಗೇ ಮಾಡಿ ನೋಡಿ.

ಲೀಡ್ಸ್_ಮಳೆ (ಇಂಗ್ಲೆಂಡ್), ಅಕ್ಟೋಬರ್ 12

ದಯವಿಟ್ಟು ಉಜ್ಜಬೇಡಿ. ಮೇಲಿನವರು ಹೇಳಿದ್ದು ಮರಕ್ಕೆ ಸರಿ, ಇದಕ್ಕಲ್ಲ. ನಾನು ಇದೇ ತಪ್ಪು ಮಾಡಿದೀನಿ, ಅದಕ್ಕೇ ಇಷ್ಟು ಅವಸರದಲ್ಲಿ ಬರೀತಿದೀನಿ.

ನಮ್ಮ ಡೆಕ್ ಹಾಕಿಸಿ ಎರಡನೇ ವರ್ಷ, ಬಾರ್ಬೆಕ್ಯೂ ಎಳೆದು ಒಂದು ಗೀರು ಬಿತ್ತು. ಕೂದಲೆಳೆ ದಪ್ಪ, ಅಷ್ಟೇ. ನಾನು ಸ್ಯಾಂಡಿಂಗ್ ಮೆಷೀನ್ ಬಾಡಿಗೆಗೆ ತಂದು ಅದರ ಮೇಲೆ ಆಡಿಸಿದೆ. ಹತ್ತು ಸೆಕೆಂಡಲ್ಲಿ ಗೀರು ಹೋಯಿತು, ಜೊತೆಗೆ ಮೇಲಿನ ಪದರವೂ ಹೋಯಿತು. ತಟ್ಟೆಯಷ್ಟಗಲ ಜಾಗದಲ್ಲಿ ಮರದ ವಿನ್ಯಾಸ ಅಳಿಸಿ ಕಂದು ನಾರು ಎದ್ದು ನಿಂತಿತು. ಇಲ್ಲಿನ ಮಳೆ ನಿಮಗೆ ಗೊತ್ತಲ್ಲ. ಆ ಜಾಗ ನೀರು ಹೀರಿಕೊಂಡು, ಮರುವರ್ಷದ ಚಳಿಗಾಲ ಕಳೆಯೋಷ್ಟರಲ್ಲಿ ಕಪ್ಪು ಚುಕ್ಕಿ ಬೂಷ್ಟು ಕೂತುಬಿಟ್ಟಿತು. ತೊಳೀತೀನಿ, ಮತ್ತೆ ಬರುತ್ತೆ. ಕೂದಲೆಳೆ ಗೀರನ್ನ ಹಾಗೇ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಅಲ್ಲಿದೆ ಅನ್ನೋದೇ ಮರೆತುಹೋಗಿರುತ್ತಿತ್ತು.

ಹುಬ್ಬಳ್ಳಿಯಾಂವ (ಪೆನ್ಸಿಲ್ವೇನಿಯಾ), ಅಕ್ಟೋಬರ್ 13

ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಲೀಡ್ಸ್ ಅಕ್ಕಾರು ಹೇಳಿದ್ದು ಖರೇ ಅದ. ಕೈ ಹಚ್ಚೂಕಿಂತ ಮೊದಲ ನಿಮ್ಮ ಹಲಗಿ ಯಾವ ಜಾತೀದು ಅನ್ನೂದು ಗೊತ್ತಾಗಬೇಕು. ನಮ್ಮ ಮನಿ ಡೆಕ್ ನಾನ ಕಟ್ಟೇನಿ, ಗೆಳೆಯರ ಮನ್ಯಾಗೂ ಮೂರ್ನಾಲ್ಕು ಕಡೆ ಕೆಲಸಕ್ಕ ನಿಂತೇನಿ. ಹಲಗಿ ಜಾತಿ ತಿಳೀದ ಮಾಡಿದ ರಿಪೇರಿ ಎಲ್ಲಾ ಕೆಟ್ಟಿದ್ದನ್ನ ನೋಡೇನಿ.

ಕಾಂಪೊಸಿಟ್ ಅಂದ್ರ ಮರದ ಹೊಟ್ಟು, ಪ್ಲಾಸ್ಟಿಕ್ ಎರಡೂ ಕೂಡಿಸಿ ಕಾಯಿಸಿ ಅಚ್ಚಿನ್ಯಾಗಿಂದ ತಳ್ಳಿ ತಗದಿದ್ದು. ಪ್ಲಾಸ್ಟಿಕ್ ಬಹಳ ಮಾಡಿ ಪಾಲಿಎಥಿಲೀನ್, ಅಂದ್ರ ಕ್ಯಾರಿಬ್ಯಾಗ್ ಮಾಡೂ ಜಾತೀದು. 1990ರ ದಶಕದಾಗ ಅಮೆರಿಕಾದಾಗ ಬಂದ ಹಲಗಿ ಒಳಗ ಹೊರಗ ಎಲ್ಲಾ ಒಂದ ಇದ್ವು, ಮ್ಯಾಲೆ ಏನೂ ಹೊದಿಕಿ ಇರಲಿಲ್ಲ. ಅವಕ್ಕ ಬಿಸಿಲಿಗೆ ಬಣ್ಣ ಹೋಗೂದು, ಬೂಷ್ಟು ಹಿಡಿಯೂದು ಭಾಳ ಇತ್ತು. 2010ರ ಹೊತ್ತಿಗೆ ಮ್ಯಾಲೆ ತೆಳು ಪ್ಲಾಸ್ಟಿಕ್ ಚರ್ಮ ಸುತ್ತಿದ ಹಲಗಿ ಬಂದು ಅವೇ ಹೆಚ್ಚಾದ್ವು. ಕ್ಯಾಪ್ಡ್ ಅಂತಾರ ಇದಕ್ಕ. ಕೆಲವು ಕಂಪನಿಯವು ಮೂರು ಕಡೆ ಅಷ್ಟ ಸುತ್ತತಾವು, ತಳ ಬರಿದ ಇರ್ತದ. ಕೆಲವು ನಾಲ್ಕೂ ಕಡೆ. ಇನ್ನ ಹೊಟ್ಟೇ ಇಲ್ಲದ ಪೂರಾ ಪಿವಿಸಿ ಹಲಗೀನೂ ಬರ್ತಾವು.

ಕಂಡುಹಿಡಿಯೂದು ಸುಲಭ ಅದ. ಡೆಕ್ ಕೆಳಗ ಹೋಗಿ ಟಾರ್ಚ್ ಬಿಟ್ಟು ಹಲಗಿ ತುದಿ, ಕೊಯ್ದ ಕಡೆ, ನೋಡ್ರಿ. ಹೋಳಿಗಿ ಮುರದಾಗ ಸುತ್ತ ಕಣಕ ಬ್ಯಾರೆ, ಒಳಗ ಹೂರಣ ಬ್ಯಾರೆ ಕಾಣ್ತದಲ್ಲ, ಹಂಗ ಅಂಚಿಗೆ ಒಂದು ಗೆರಿ ಕಂಡ್ರ ಕ್ಯಾಪ್ಡ್. ಪೂರಾ ಒಂದ ಬಣ್ಣ, ಹೊಟ್ಟಿನ ಚೂರು ಕಣ್ಣಿಗೆ ಬೀಳ್ತಾವು ಅಂದ್ರ ಹೊದಿಕಿ ಇಲ್ಲದ್ದು. ಒಳಗ ಬೆಳ್ಳಗ, ನೊರಿ ಗಟ್ಟಿಯಾದಂಗ ಇತ್ತಂದ್ರ ಪಿವಿಸಿ.

ಹೊದಿಕಿ ಇಲ್ಲದ ಹಳೇ ಹಲಗಿ ಇದ್ರ ಬಸವನಗುಡಿ ಸರ್ ಹೇಳಿದ್ದು ಅರ್ಧ ನಡೀತದ. 60 ಇಲ್ಲಾ 80 ನಂಬರ್ ಕಾಗದ, ಇಲ್ಲಾ ಸ್ಟೇನ್‌ಲೆಸ್ ಸ್ಟೀಲ್ ಬ್ರಷ್, ಎಳಿ ಹೋದ ದಿಕ್ಕಿನ್ಯಾಗ ಅಷ್ಟ, ಕೈಲೆ, ಹಗೂರಕ. ಉಜ್ಜಿದ ಜಾಗ ಮೊದಲಿಗೆ ಬ್ಯಾರೆ ಬಣ್ಣ ಕಾಣ್ತದ. ಬಿಸಿಲು ಮಳಿ ತಿಂದು ಕೆಲವು ವಾರ, ಒಮ್ಮೊಮ್ಮೆ ಕೆಲವು ತಿಂಗಳಿಗೆ ಕೂಡಿಕೋತದ. ಸಾದಾ ಕಬ್ಬಿಣದ ಬ್ರಷ್ ಮಾತ್ರ ಬ್ಯಾಡ. ಅದರ ಚೂರು ಉಳಿದು ತುಕ್ಕಿನ ಕಲಿ ಬೀಳ್ತದ.

ಪಾಲಿಶ್ ಯಾವುದಕ್ಕೂ ಬ್ಯಾಡ್ರಿ ಸರ್, ಈ ಪ್ಲಾಸ್ಟಿಕ್ ಅದನ್ನ ಹಿಡಕೊಳ್ಳಂಗಿಲ್ಲ.

ಬಸವನಗುಡಿ_ಹಳೇಮನೆ, ಅಕ್ಟೋಬರ್ 13

ತಿಳಿಸಿದ್ದಕ್ಕೆ ಧನ್ಯವಾದ. ನನ್ನ ಸಲಹೆ ವಾಪಸ್ ತಗೋತೀನಿ, ಯಾರೂ ಅದನ್ನ ಓದಿ ಉಜ್ಜೋದು ಬೇಡ.

ತುಳಸಿಕಟ್ಟೆ, ಅಕ್ಟೋಬರ್ 14

ಹೋಳಿಗೆ ಹೋಲಿಕೆ ಓದಿಕೊಂಡು ಕೆಳಗೆ ಹೋದೆ, ನೋಡಿದ ತಕ್ಷಣ ಗೊತ್ತಾಯಿತು. ಮೇಲೆ ಮತ್ತು ಎರಡು ಪಕ್ಕ ಬೂದು ಬಣ್ಣದ ತೆಳು ಅಂಚು, ಉಗುರಿನಷ್ಟು ದಪ್ಪವೂ ಇಲ್ಲ. ಒಳಗೆಲ್ಲ ಕಂದು. ತಳ ಖಾಲಿ. ಅಂದರೆ ಮೂರು ಕಡೆ ಕ್ಯಾಪ್ಡ್. ಇನ್ನೊಂದು ಖುಷಿ ವಿಷಯ, ಹಿಂದಿನವರು ಬಿಟ್ಟುಹೋದ ನಾಲ್ಕಡಿ ತುಂಡು ಹಲಗೆ ಒಂದು ಅಲ್ಲೇ ಕೆಳಗೆ ಎಲೆಗಳ ಅಡಿ ಸಿಕ್ಕಿತು.

ಹುಬ್ಬಳ್ಳಿಯಾಂವ, ಅಕ್ಟೋಬರ್ 14

ಆ ತುಂಡು ಜೋಪಾನ ಇಡ್ರಿ ಅಕ್ಕಾರ, ಬಂಗಾರದಂಥಾದ್ದು. ಏನ ಪ್ರಯೋಗ ಮಾಡೂದಿದ್ರೂ ಮೊದಲ ಅದರ ಮ್ಯಾಲೆ ಮಾಡ್ರಿ.

ಈಗ ಮೊದಲನೇ ಕೆಲಸ, ತೊಳೀರಿ. ಗೀರು ಅಂತ ನಾವು ತಿಳಕೊಂಡದ್ದರಾಗ ಅರ್ಧ ಗೀರ ಇರಂಗಿಲ್ಲ. ಕುಂಡದ ಮಣ್ಣು, ಕಬ್ಬಿಣದ ಬಣ್ಣ ಹಲಗಿಗೆ ಹತ್ತಿರ್ತದ. ಉಗುರುಬೆಚ್ಚಗಿನ ನೀರು, ಪಾತ್ರಿ ತೊಳಿಯೂ ಸೋಪಿನ ನೀರು, ಮೆತ್ತಗಿನ ನೈಲಾನ್ ಬ್ರಷ್. ಬಿಳಿ ಮ್ಯಾಜಿಕ್ ಸ್ಪಂಜ್ ಬರ್ತದಲ್ಲ, ಅದು ಬ್ಯಾಡ. ಅದು ನಯ ಉಪ್ಪುಕಾಗದ ಇದ್ದಂಗ, ಉಜ್ಜಿದ ಕಡೆ ಹೊಳಪು ಬಂದು ಕೂಡ್ತದ. ಸ್ಟ್ಯಾಂಡಿನ ತುಕ್ಕು ಹತ್ತಿದ್ರ ಆಕ್ಸಾಲಿಕ್ ಆಮ್ಲ ಇರೂ ಡೆಕ್ ಬ್ರೈಟ್ನರ್ ಬಾಟಲಿ ಸಿಗ್ತಾವು, ಕೈಗೆ ಗ್ಲೌಸ್ ಹಾಕ್ಕೊಂಡು ಹಚ್ಚಿ ಚೊಲೋತ್ನಾಗ ತೊಳೀರಿ. ಬ್ಲೀಚ್ ಹಾಕಬ್ಯಾಡ್ರಿ, ಹಲಗಿ ಬಣ್ಣ ಎಳೀತದ.

ಒಣಗಿದ ಮ್ಯಾಲೆ ಉಳಿದದ್ದು ಏನದ ಅಂತ ಹೇಳ್ರಿ.

ಪಣಂಬೂರು_ಕಡಲು (ಮಂಗಳೂರು), ಅಕ್ಟೋಬರ್ 14

ನಡುವೆ ಕೇಳ್ತಾ ಇದ್ದೇನೆ, ಕ್ಷಮಿಸಿ. ನಮ್ಮ ತಾರಸಿ ತೋಟದಲ್ಲಿ ಡಬ್ಲ್ಯೂಪಿಸಿ (ಮರದ ಹೊಟ್ಟು, ಪ್ಲಾಸ್ಟಿಕ್ ಸೇರಿಸಿ ಮಾಡಿದ) ಹಲಗೆ ಹಾಕಿಸಿ ನಾಲ್ಕು ವರ್ಷ ಆಯ್ತು. ಮಲ್ಲಿಗೆ ಚಟ್ಟಿ ಆಚೆ ಈಚೆ ಮಾಡಿ ಮಾಡಿ ತುಂಬ ಗೀರು ಉಂಟು. ತುದಿ ನೋಡಿದೆ, ಒಳಗೆ ಟೊಳ್ಳು, ಸಾಲಾಗಿ ತೂತುಗಳು. ಹೊರಗೆ ಬೇರೆ ಪದರ ಏನೂ ಇಲ್ಲ. ಇದೂ ಅದೇ ಜಾತಿಯಾ? ಇದಕ್ಕೆ ಏನು ಮಾಡಬಹುದು?

ಉಳಿಬಾಚಿ (ಸಾಗರ, ಈಗ ಬೆಂಗಳೂರು), ಅಕ್ಟೋಬರ್ 15

ಪಣಂಬೂರು ಅಕ್ಕ, ನಾನು ಮರಗೆಲಸದವನು, ಹತ್ತು ವರ್ಷದಿಂದ ಡಬ್ಲ್ಯೂಪಿಸಿ ಕೆಲಸವೂ ಮಾಡ್ತಿದ್ದೇನೆ. ನಿಮ್ಮದು ಹೊದಿಕೆ ಇಲ್ಲದ ಟೊಳ್ಳು ಹಲಗೆ, ನಮ್ಮ ಕಡೆ ಇದೂ ಬಹಳ ಹಾಕ್ತಾರೆ. ಇದನ್ನು ಉಜ್ಜಬಹುದು. ಆದರೆ ಟೊಳ್ಳಿನ ಮೇಲಿನ ಗೋಡೆ ಕೆಲವೇ ಮಿಲಿಮೀಟರ್ ಇರ್ತದೆ, ಅದನ್ನು ಮರೀಬೇಡಿ. ಮೆಷೀನ್ ಹಾಕಲೇಬೇಡಿ. 80 ನಂಬರ್ ಕಾಗದವನ್ನು ಮರದ ತುಂಡಿಗೆ ಸುತ್ತಿ, ಹಲಗೆಯ ಉದ್ದಕ್ಕೆ ನಾಲ್ಕು ಸಲ ಎಳೆಯಿರಿ, ನಿಲ್ಲಿಸಿ ನೋಡಿ. ಗೀರಿನ ಮೇಲೆ ಮಾತ್ರ ಉಜ್ಜಿದರೆ ಅಲ್ಲಿ ಹಳ್ಳ ಬೀಳ್ತದೆ. ಒಂದು ಹಲಗೆಯನ್ನು ಕೆಳಗೆ ಹಿಡಿದಿಡುವ ಈ ಕ್ಲಿಪ್ಪಿಂದ ಆ ಕ್ಲಿಪ್ಪಿನವರೆಗೆ ಪೂರ್ತಿ ಒಂದೇ ಸಮ ಎಳೆದರೆ ತೇಪೆ ಕಾಣೋದಿಲ್ಲ. ನಿಮ್ಮ ಹಲಗೆ ಗೆರೆಗೆರೆ ಬ್ರಷ್ ಫಿನಿಶ್ ಇದ್ದರೆ ಸ್ಟೇನ್‌ಲೆಸ್ ತಂತಿ ಬ್ರಷ್ಷೇ ಮೇಲು, ಗೆರೆ ಉಳೀತದೆ. ಮರದ ನಮೂನೆ ಉಬ್ಬಿಸಿದ ಅಚ್ಚು ಇದ್ದರೆ ಉಜ್ಜಿದಲ್ಲಿ ಅದು ಅಳಿಸಿಹೋಗ್ತದೆ. ಅಂಥದ್ದಕ್ಕೆ ತೀರಾ ಆಳದ ಗೀರು ಬಿಟ್ಟು ಉಳಿದದ್ದನ್ನು ಮುಟ್ಟೋದು ಬೇಡ.

ಮಳೆಗಾಲ ಮುಗಿದ ಮೇಲೆ ಮಾಡಿ. ಒದ್ದೆ ಹಲಗೆ ಉಜ್ಜಿದರೆ ಹೊಟ್ಟು ಮುದ್ದೆಯಾಗಿ ಕಾಗದಕ್ಕೆ ಮೆತ್ತಿಕೊಳ್ತದೆ.

ಎರಡೂ ಮುಖಕ್ಕೆ ಅಚ್ಚು ಇರೋ ಹಲಗೆಯೂ ಉಂಟು. ಒಂದು ಹಲಗೆ ಬಿಚ್ಚಿ ನೋಡಿ. ಅಡಿಮುಖ ಚೆನ್ನಾಗಿದ್ದರೆ ಮಗುಚಿ ಹಾಕಿದರಾಯ್ತು, ಖರ್ಚೇ ಇಲ್ಲ. ಹೋದ ವರ್ಷ ಒಂದು ಮನೆಯಲ್ಲಿ ಹನ್ನೊಂದು ಹಲಗೆ ಹೀಗೇ ಮಗುಚಿ ಕೊಟ್ಟು ಬಂದೆ.

ಪಣಂಬೂರು_ಕಡಲು, ಅಕ್ಟೋಬರ್ 15

ಮಗುಚಬಹುದು ಅಂತ ತಲೆಗೇ ಹೋಗಿರಲಿಲ್ಲ! ಈ ಭಾನುವಾರ ಒಂದು ಬಿಚ್ಚಿ ನೋಡ್ತೇನೆ. ತುಂಬ ಉಪಕಾರ ಆಯ್ತು.

ವರ್ಜೀನಿಯಾ_ಹಿತ್ತಲು, ಅಕ್ಟೋಬರ್ 15

ಗೀರಿನ ಮಾತಲ್ಲ, ಆದರೂ ಡೆಕ್ ಇರೋರಿಗೆಲ್ಲ ಹೇಳಬೇಕು ಅನ್ನಿಸಿತು. ನಮ್ಮಲ್ಲಿ ಒಂದು ಪಟ್ಟಿಯಷ್ಟು ಜಾಗದಲ್ಲಿ ಹಲಗೆ ಮೆತ್ತಗಾಗಿ ಅಲೆ ಎದ್ದಿತ್ತು. ಕಾರಣ ಹುಡುಕಿದರೆ ಕಿಟಕಿ. ಹೊಸ ಮಾದರಿ ಲೋ-ಇ (ಶಾಖ ತಡೆಯೋ ತೆಳು ಲೇಪನದ) ಗಾಜು ಬಿಸಿಲನ್ನು ಒಟ್ಟುಗೂಡಿಸಿ ಅಲ್ಲಿಗೇ ತಿರುಗಿಸುತ್ತಿತ್ತು. ಕಿಟಕಿಯ ಹೊರಗಡೆ ಸೊಳ್ಳೆ ಪರದೆ ಹಾಕಿದ ಮೇಲೆ ನಿಂತಿತು. ಪ್ಲಾಸ್ಟಿಕ್ ಅನ್ನೋದನ್ನ ಮರೀಬಾರದು.

ತುಳಸಿಕಟ್ಟೆ, ಅಕ್ಟೋಬರ್ 19

ತೊಳೆದೆ. ಹುಬ್ಬಳ್ಳಿ ಅಣ್ಣ ಹೇಳಿದ್ದು ನಿಜ. ಕೆಂಪಗೆ, ದಪ್ಪಗೆ ಕಾಣ್ತಿದ್ದವೆಲ್ಲ ಕುಂಡದ ಮಣ್ಣೇ. ನೀರಿಗೆ ಹೊರಟೇ ಹೋದವು. ಹತ್ತು ಹನ್ನೆರಡು ಗೀರು ಇದ್ದದ್ದು ಈಗ ಐದು ಉಳಿದಿವೆ. ನಾಲ್ಕು ತೆಳು ಬಿಳಿ ಗೆರೆ, ಉಗುರು ಆಡಿಸಿದರೆ ಸ್ವಲ್ಪ ತಡೆಯುತ್ತೆ. ಐದನೆಯದು ಆ ಕಿತ್ತ ಜಾಗ, ಗೋಡೆಯಿಂದ ಎರಡನೇ ಹಲಗೆ.

ಹುಬ್ಬಳ್ಳಿಯಾಂವ, ಅಕ್ಟೋಬರ್ 19

ಆ ಬಿಳಿ ಗೆರಿ ಯಾಕ ಬಿಳಿ ಅನ್ನೂದು ತಿಳಕೊಂಡ್ರ ಔಷಧ ತಾನ ಗೊತ್ತಾಗ್ತದ. ಪ್ಲಾಸ್ಟಿಕ್ ಬಕೇಟಿನ ಹಿಡಿಕಿ ಭಾಳ ಬಗ್ಗಿಸಿದ್ರ ಆ ಜಾಗ ಬೆಳ್ಳಗ ಆಗ್ತದಲ್ಲ, ಇಲ್ಲೂ ಅದ ಆಗೇದ. ಬಣ್ಣ ಹೋಗಿಲ್ಲ, ಪ್ಲಾಸ್ಟಿಕ್ ಜಗ್ಗಿ ಎದ್ದು ಬೆಳಕು ಚದುರಸ್ಲಿಕತ್ತದ. ಸ್ವಲ್ಪ ಬಿಸಿ ತಾಗಿಸಿದ್ರ ಅದು ತಿರುಗಿ ಕೂಡ್ತದ, ಬಣ್ಣ ತಾನ ಬರ್ತದ.

ಹೀಟ್ ಗನ್, ಅಂದ್ರ ಭಾಳ ಬಿಸಿ ಗಾಳಿ ಊದೂ ಯಂತ್ರ, ಬೇಕು. ಹೇರ್ ಡ್ರೈಯರ್ ಬಿಸಿ ಸಾಲಂಗಿಲ್ಲ. ಪಾಲಿಎಥಿಲೀನ್ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್‌ಗೆ ಕರಗ್ತದ, ಗನ್ನಿನ ಬಾಯಾಗ ಅದಕ್ಕಿಂತ ಎಷ್ಟೋ ಹೆಚ್ಚಿನ ಬಿಸಿ ಬರ್ತದ. ಅದಕ್ಕ ಎಲ್ಲಾಕ್ಕಿಂತ ಕಡಿಮಿ ಸೆಟ್ಟಿಂಗ್, ಹಲಗಿಯಿಂದ ಒಂದು ಗೇಣು ದೂರ, ಕೈ ಒಂದ ಕಡೆ ನಿಲ್ಲಬಾರದು, ಗೆರಿ ಗುಂಟ ಹೋಗ್ತಾ ಬರ್ತಾ ಇರಬೇಕು. ಐದಾರು ಸೆಕೆಂಡ್ ಮಾಡಿ ತಗೀರಿ, ಆರಿದ ಮ್ಯಾಲೆ ನೋಡ್ರಿ, ಬೇಕಾದ್ರ ಮತ್ತ ಮಾಡ್ರಿ. ಮುಗಿಸೂ ಅವಸರ ಮಾಡಿದ್ರ ಮರದ ನಮೂನಿ ಕರಗಿ ನುಣ್ಣಗ ಹೊಳಿಯೂ ಮಚ್ಚಿ ಆಗ್ತದ. ಅದನ್ನ ಆಮ್ಯಾಲೆ ಯಾರಿಂದಲೂ ಸರಿಮಾಡಲಿಕ್ಕೆ ಆಗಂಗಿಲ್ಲ. ಮೊದಲ ಆ ನಾಲ್ಕಡಿ ತುಂಡಿನ ಮ್ಯಾಲೆ ಮೊಳಿಲೆ ಗೀರಿ ಕೈ ಪಳಗಿಸ್ಕೋರಿ.

ಎರಡು ಮಾತು. ಪಿವಿಸಿ ಹಲಗಿ ಇದ್ದವರು ಇದನ್ನ ಮಾಡಬ್ಯಾಡ್ರಿ, ಅದು 80 ಡಿಗ್ರಿಗೇ ಮೆತ್ತಗಾಗ್ತದ. ಮತ್ತ ವಾರಂಟಿ ಕಾಗದ ಇದ್ದವರು ಮೊದಲ ಓದ್ರಿ. ವಾರಂಟಿ ಬಹಳ ಮಾಡಿ ಬಣ್ಣ ಮಾಸೂದು, ಕಲಿ ಇಂಥಾವಕ್ಕ ಇರ್ತದ, ಗೀರಿಗೆ ಇರಂಗಿಲ್ಲ. ಆದ್ರ ಗನ್ ಹಿಡಿದ ಹಲಗಿಗೆ ಮುಂದ ಏನರೆ ಆದ್ರ ಕಂಪನಿ ಒಲ್ಲೆ ಅನ್ನಬಹುದು.

ಲೀಡ್ಸ್_ಮಳೆ, ಅಕ್ಟೋಬರ್ 20

ಕಿತ್ತ ಜಾಗಕ್ಕೆ ಎಪಾಕ್ಸಿ ಅಂಟು ತುಂಬಬಹುದಾ ಅಣ್ಣ? ನನ್ನ ತಟ್ಟೆಯಗಲದ ಗಾಯಕ್ಕೂ ಅದನ್ನೇ ಯೋಚಿಸ್ತಿದ್ದೆ.

ಉಳಿಬಾಚಿ, ಅಕ್ಟೋಬರ್ 20

ನಾನು ಹೇಳಬಹುದಾ. ಹೊದಿಕೆಯ ಪಾಲಿಎಥಿಲೀನಿಗೆ ಯಾವ ಅಂಟೂ ಸರಿಯಾಗಿ ಹಿಡಿಯೋದಿಲ್ಲ, ಎಣ್ಣೆ ಸವರಿದ ಬಾಣಲೆಗೆ ಹಿಟ್ಟು ಹಿಡಿಯದ ಹಾಗೆ. ಹೊಟ್ಟು ಕಾಣೋ ಆಳದ ಗುಳಿಯಲ್ಲಿ ಹಿಡೀತದೆ, ಯಾಕೆಂದರೆ ಅಲ್ಲಿ ನಾರು ಇದೆ, ಹಿಡಿತ ಸಿಗ್ತದೆ. ಅದೇ ಹಲಗೆಯ ತುಂಡಿನಿಂದ ಪುಡಿ ಕೆರೆದು ಎಪಾಕ್ಸಿಗೆ ಕಲಸಿ ಗುಳಿ ತುಂಬಿದ್ದೇನೆ, ಹೊದಿಕೆ ಇಲ್ಲದ ಹಲಗೆಗಳಲ್ಲಿ. ಚೆನ್ನಾಗಿ ಕೂತಿದೆ. ಆದರೆ ಅಕ್ಕ, ನಿಮ್ಮದು ಅಗಲ ಜಾಗ, ತೆಳು ಪದರ. ಬಿಸಿಲಿಗೆ ಹಲಗೆ ಹಿಗ್ಗಿ ಕುಗ್ಗುವಾಗ ಚಕ್ಕೆಚಕ್ಕೆಯಾಗಿ ಎದ್ದು ಬರ್ತದೆ. ನಿಮಗೆ ಹಲಗೆ ಬದಲಾಯಿಸೋದೇ ದಾರಿ ಅಂತ ನನ್ನ ಅಭಿಪ್ರಾಯ.

ನ್ಯೂಜೆರ್ಸಿ ಅಕ್ಕನ ಎರಡಿಂಚಿಗೆ ಗಟ್ಟಿ ಮೇಣದ ಕಡ್ಡಿ ಸಾಕು. ಮರದ ನೆಲ ರಿಪೇರಿಗೆ ಅಂತ ಬೇರೆ ಬೇರೆ ಬಣ್ಣದ ಕಡ್ಡಿಗಳ ಕಿಟ್ ಬರ್ತದೆ, ಜೊತೆಗೆ ಪುಟ್ಟ ಬ್ಯಾಟರಿ ಇಸ್ತ್ರಿ. ಎರಡು ಮೂರು ಬೂದು ಬಣ್ಣ ಬೆರೆಸಿ ಕರಗಿಸಿ ಗುಳಿಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಸಮ ಕೆರೆಯಿರಿ. ಒಂದೇ ಬಣ್ಣ ಹಾಕಿದರೆ ಹೊಲಿದ ತೇಪೆಯ ಹಾಗೆ ಕಾಣ್ತದೆ, ಬೆರೆಸಿದರೆ ಕಣ್ಣು ಗುರುತು ಹಿಡಿಯೋದಿಲ್ಲ.

ಹುಬ್ಬಳ್ಳಿಯಾಂವ, ಅಕ್ಟೋಬರ್ 20

ಉಳಿಬಾಚಿ ಅಣ್ಣಾರ ಮಾತಿಗೆ ನಂದೂ ಹೂಂ. ಬ್ಯಾಸಿಗ್ಯಾಗ ಬರಿಗಾಲಲೆ ನಿಲ್ಲಲಿಕ್ಕೆ ಆಗದಷ್ಟು ಡೆಕ್ ಕಾಯ್ತದ, ಬಾಗಿಲ ಮುಂದ ತುಳಿದಾಟನೂ ಹೆಚ್ಚು. ಅಲ್ಲೆ ಮೇಣ ಭಾಳ ವರ್ಷ ನಿಲ್ಲೂದು ಕಷ್ಟ ಅದ. ಚಳಿಗಾಲ ದಾಟಸ್ತದ, ನೀರು ಒಳಗ ಇಳಿಯೂದು ತಡೀತದ. ಇಲ್ಲೆ ನೀರು ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿ ನಾರು ಏಳಸ್ತದ, ಅದಕ್ಕ ಹಿಮ ಬೀಳೂದರಾಗ ಮುಚ್ಚಿ ಬಿಡ್ರಿ.

ಕಾಯಂ ಮಾಡೂದಾದ್ರ ಹಲಗಿ ಅದಲು ಬದಲು ಮಾಡ್ರಿ. ಹೊಸಾ ಹಲಗಿ ತಂದು ಹಾಕಿದ್ರ ಹಳೇದರ ನಡುವ ಹೊಸಾ ಬಣ್ಣ ಎದ್ದು ಕಾಣ್ತದ. ಕಣ್ಣಿಗೆ ಬೀಳದ ಮೂಲ್ಯಾಗಿನ ಹಲಗಿ ತಂದು ಬಾಗಿಲಿಗೆ ಹಾಕಿ, ಗಾಯ ಆದದ್ದನ್ನ ಅಲ್ಲೆ ಒಯ್ದು ಹಾಕ್ರಿ. ಇಬ್ಬರು ಬೇಕು. ಪಕ್ಕಕ್ಕ ಉದ್ದಕ ತೋಡು ಇದ್ದು ಕ್ಲಿಪ್ಪಿನ ಮ್ಯಾಲೆ ಕೂತ ಹಲಗಿ ಇದ್ರ, ಸಂದಿನ್ಯಾಗ ಉದ್ದನ ಸ್ಕ್ರೂಡ್ರೈವರ್ ಬಿಟ್ ಇಳಿಸಿ ಎರಡೂ ಕಡೆ ಸ್ಕ್ರೂ ಸಡ್ಲ ಮಾಡ್ರಿ. ಕೆಲವು ಕ್ಲಿಪ್ ಸರೀತಾವು, ಹಲಗಿ ಎದ್ದು ಬರ್ತದ. ಸರೀದಿದ್ರ ಸುಮ್ಮನ ಜಗ್ಗಬ್ಯಾಡ್ರಿ, ತೋಡಿನ ತುಟಿ ಮುರೀತದ. ಅವಾಗ ಡೆಕ್ಕಿನ ಅಂಚಿನಿಂದ ಒಂದೊಂದ ಬಿಚ್ಚಿಕೋತ ಬರೂದ ದಾರಿ.

ತುಳಸಿಕಟ್ಟೆ, ನವೆಂಬರ್ 2

ಹೀಟ್ ಗನ್ ಮಾಡಿದೆ. ಮೊದಲು ತುಂಡಿನ ಮೇಲೆ ಆರು ಗೀರು ಹಾಕಿ ಅಭ್ಯಾಸ. ಮೊದಲನೆಯದು ಹೊಳೆದುಬಿಟ್ಟಿತು, ಎರಡನೆಯದು ಅರ್ಧ. ಮೂರನೆಯದರಿಂದ ಕೈ ಕೂತಿತು. ಆಮೇಲೆ ಡೆಕ್ ಮೇಲೆ ಮಂಡಿಯೂರಿ ಕೂತೆ. ಗೆರೆ ಬಿಳಿಯಿಂದ ಬೂದು ಆಗೋದು ಕಣ್ಣೆದುರೇ ಕಾಣುತ್ತೆ, ಒದ್ದೆ ನೆಲ ಒಣಗುತ್ತಾ ಬಂದ ಹಾಗೆ ತುದಿಯಿಂದ ತುದಿಗೆ. ಎದ್ದು ನಿಂತಿದ್ದ ಸಣ್ಣ ಜುಂಗು ಮಲಗಿಬಿಡುತ್ತೆ. ನಾಲ್ಕರಲ್ಲಿ ಮೂರು ಪೂರ್ತಿ ಹೋದವು. ಒಂದು ಸಂಜೆ ಓರೆ ಬಿಸಿಲಲ್ಲಿ ಮಾತ್ರ ಕಾಣುತ್ತೆ, ಅದನ್ನ ಹಾಗೇ ಬಿಟ್ಟೆ.

ಕಿತ್ತ ಜಾಗಕ್ಕೆ ಮೇಣ ಹಾಕಿ ಆಯಿತು. ಎರಡು ಬೂದು, ಒಂಚೂರು ಕಂದು. ನಿಂತು ನೋಡಿದರೆ ಗೊತ್ತಾಗಲ್ಲ, ಬಗ್ಗಿ ಹುಡುಕಬೇಕು.

ದೀಪಾವಳಿಗೆ ಈ ಡೆಕ್ ಮೇಲೆ ದೀಪ, ರಂಗೋಲಿ ಎಲ್ಲ ಇಡ್ತೀವಿ. ಅದರಿಂದ ಏನಾದರೂ ತೊಂದರೆಯಾ?

ವರ್ಜೀನಿಯಾ_ಹಿತ್ತಲು, ನವೆಂಬರ್ 2

ದೀಪದ ಕೆಳಗೆ ತಟ್ಟೆ ಇಡಿ, ಬಿಸಿಗೂ ಎಣ್ಣೆಗೂ. ಎಣ್ಣೆ ಚೆಲ್ಲಿದರೆ ಅವತ್ತೇ ಸೋಪಿನ ನೀರಲ್ಲಿ ಒರೆಸಿಬಿಡಿ. ಕಲೆಗೆ ವಾರಂಟಿ ಕೊಡೋ ತಯಾರಕರೂ ಒಂದು ವಾರದೊಳಗೆ ತೊಳೀರಿ ಅಂತಾರೆ. ರಂಗೋಲಿ ಕಲ್ಲಿನ ಪುಡಿ ಕಾಲಡಿ ಸಿಕ್ಕರೆ ಅದೇ ಉಪ್ಪುಕಾಗದ. ನಾವು ಅಕ್ಕಿಹಿಟ್ಟಲ್ಲಿ ಹಾಕ್ತೀವಿ. ಬಣ್ಣದ ಪುಡಿ ನೇರ ಹಲಗೆ ಮೇಲೆ ಬೇಡ. ಬಡಗಿಗಳು ಗೆರೆ ಹೊಡೆಯೋ ಕೆಂಪು, ನೀಲಿ ಚಾಕ್ ಪುಡಿಯೇ ಇದರ ಮೇಲೆ ಶಾಶ್ವತವಾಗಿ ಉಳಿದುಬಿಡುತ್ತೆ. ರಬ್ಬರ್ ತಳದ ಕಾಲೊರಸು ಕೂಡ ಕಲೆ ಬಿಡುತ್ತೆ, ಬಾಗಿಲಲ್ಲಿ ಇದ್ದರೆ ತೆಗೀರಿ.

ಪಣಂಬೂರು_ಕಡಲು, ನವೆಂಬರ್ 9

ನಮ್ಮದರಲ್ಲಿ ಎರಡೂ ಮುಖಕ್ಕೆ ಗೆರೆ ಉಂಟು! ಏಳು ಹಲಗೆ ಮಗುಚಿ ಹಾಕಿದೆವು. ಉಳಿಬಾಚಿ ಅಣ್ಣನಿಗೆ ದೊಡ್ಡ ನಮಸ್ಕಾರ.

ತುಳಸಿಕಟ್ಟೆ, ಮೇ 17

ತುಂಬ ದಿನದ ಮೇಲೆ ಬರೀತಿದೀನಿ. ಯಾರಾದರೂ ಮುಂದೆ ಇದನ್ನ ಹುಡುಕಿಕೊಂಡು ಬಂದರೆ ಉಪಯೋಗ ಆಗಲಿ ಅಂತ.

ಮೇಣ ಮಾರ್ಚ್‌ವರೆಗೆ ಚೆನ್ನಾಗಿತ್ತು, ಆಮೇಲೆ ಒಂದು ಅಂಚು ಎದ್ದಿತು. ಹೋದ ವಾರ ನಾನೂ ಮನೆಯವರೂ ಸೇರಿ ಹಲಗೆ ಅದಲು ಬದಲು ಮಾಡಿದೆವು. ರೇಲಿಂಗ್ ಪಕ್ಕದ ಬೆಂಚಿನ ಕೆಳಗಿನ ಹಲಗೆ ಬಾಗಿಲಿಗೆ ಬಂತು, ಗಾಯದ್ದು ಬೆಂಚಿನ ಕೆಳಗೆ ಹೋಯಿತು. ಕ್ಲಿಪ್ಪು ಸರಿದವು, ಪುಣ್ಯ. ಒಂದು ಕ್ಲಿಪ್ಪಿನ ಸ್ಕ್ರೂ ತುಕ್ಕು ಹಿಡಿದು ತಲೆ ಹಾರಿತು, ಅದಕ್ಕೇ ಒಂದು ಗಂಟೆ ಹಿಡೀತು. ಬೆಂಚಿನ ನೆರಳಲ್ಲಿದ್ದ ಹಲಗೆ ಚೂರು ಗಾಢ ಬಣ್ಣ ಇದೆ, ಈ ಬೇಸಿಗೆ ಕಳೆದರೆ ಹೊಂದಿಕೊಳ್ಳಬಹುದು.

ಇವತ್ತು ತುಳಸಿ ಹೊರಗೆ ಬಂದಳು. ಅಮ್ಮ ಊರಿಂದ ಕೊಟ್ಟು ಕಳಿಸಿದ್ದ ಹಳೇ ಜಮಖಾನ ನಾಲ್ಕು ಮಡಿಕೆ ಮಾಡಿ, ಹಲಗೆ ಗುಡಿಸಿ, ಕುಂಡವನ್ನ ಸ್ಟ್ಯಾಂಡ್ ಇಲ್ಲದೆ ಅದರ ಮೇಲಿಟ್ಟು ಇಬ್ಬರೂ ಎಳೆದೆವು. ಒಂದು ಗೆರೆ ಬೀಳಲಿಲ್ಲ. ಸ್ಟ್ಯಾಂಡಿನ ಕಾಲುಗಳಿಗೆ ದಪ್ಪ ಫೆಲ್ಟ್ ಅಂಟಿಸಿದೀನಿ. ಅದರಲ್ಲಿ ಮರಳು ಸಿಕ್ಕಿಕೊಳ್ಳುತ್ತಂತೆ, ತಿಂಗಳಿಗೊಮ್ಮೆ ಎತ್ತಿ ನೋಡ್ಬೇಕು.

ಲೀಡ್ಸ್ ಅಕ್ಕ, ನಿಮ್ಮ ಹಲಗೆ ಬದಲಾಯಿತಾ?

ಲೀಡ್ಸ್_ಮಳೆ, ಮೇ 18

ಇನ್ನೂ ಇಲ್ಲ. ಶೆಡ್ಡಿನ ಹಿಂದೆ ಅದೇ ಬಣ್ಣದ ಒಂದು ಪೂರ್ತಿ ಹಲಗೆ ಇದೆ ಅಂತ ಹೋದ ವಾರವಷ್ಟೇ ನೋಡಿದೆ. ನಿಮ್ಮ ಪೋಸ್ಟ್ ಓದಿ ಧೈರ್ಯ ಬಂತು. ಈ ಶನಿವಾರ ಮಳೆ ಇಲ್ಲ ಅಂತಿದೆ, ಬಿಚ್ಚುತ್ತೀವಿ.